ನೂರಕ್ಕೆ ಐವತ್ತು

ಒಂದು ಬಿಳಿಯ ಹಾಸುಬಟ್ಟೆ. ನೆಲಮಾಳಿಗೆಯ ಉದ್ದಕ್ಕೂ ಕಟ್ಟಿದ ತಂತಿಯ ಮೇಲೆ ಅದು ಒದ್ದೆಯಾಗಿ ಇಳಿಬಿದ್ದಿದೆ. ಗಾಳಿಯಿಲ್ಲ. ಅಲುಗುವುದಿಲ್ಲ. ಕೆಳ ಅಂಚಿನಲ್ಲಿ ಒಂದು ಹನಿ ತುಂಬಿಕೊಂಡು, ಬೀಳಲೋ ಬೇಡವೋ ಎಂದು ತಡೆದು ನಿಂತಿದೆ. ಛಾವಣಿಗೆ ತಾಗಿದ ಸಣ್ಣ ಕಿಟಕಿ, ಹೊರಗಿನ ರಸ್ತೆಯಲ್ಲಿ ನಡೆಯುವವರ ಪಾದಗಳಷ್ಟೇ ಕಾಣುವ ಕಿಟಕಿ, ಅದರಿಂದ ಬೆಳಕು ಓರೆಯಾಗಿ ಇಳಿದು ಬಟ್ಟೆಯ ನಡುವನ್ನು ಮುಟ್ಟಿದೆ. ಅಲ್ಲೊಂದು ಕಲೆ. ಎಷ್ಟು ಕುದಿಸಿದರೂ ಹೋಗದೆ, ತಿಳಿಗಂದು ಬಣ್ಣಕ್ಕೆ ಬಂದು, ಯಾರೂ ಹೋಗದ ಊರಿನ ನಕಾಶೆಯಂತೆ ಉಳಿದುಕೊಂಡಿರುವ ಕಲೆ. ಬಟ್ಟೆಯ ಹಿಂದೆ ಒಬ್ಬ ಹೆಂಗಸಿನ ನೆರಳು. ಬಲಗೈ ಮೇಲೆತ್ತಿ ತಂತಿಯನ್ನು ಹಿಡಿದಿದೆ. ಎಡಗೈ ಬಲಗಂಕುಳಿನ ಕೆಳಗೆ ಬಂದು ಅಲ್ಲೇ ನಿಂತಿದೆ. ತಲೆ ತುಸು ಬಾಗಿದೆ, ಪಕ್ಕದ ಕೋಣೆಯಲ್ಲಿ ಯಾರೋ ಮಾತಾಡುತ್ತಿರುವುದನ್ನು ಕೇಳಿಸಿಕೊಳ್ಳುವವರ ಹಾಗೆ.

ಹನಿ ಬಿತ್ತು.

“ಏನ್ ಅತ್ತಿಗೆ, ಹಾಗೇ ನಿಂತುಬಿಟ್ಟೆ? ಫೋಟೋ ತೆಗೀತಿದಾರಾ?” ಎಂದಳು ಹಿಂಡುವ ಯಂತ್ರದ ಬಳಿಯಿದ್ದ ನಾದಿನಿ.

“ಇಲ್ಲೊಂದು ಗಂಟಿದೆ ಕಣೇ.”

“ಗಂಟಿಗೇನು ಬರ? ಬೆಳಗ್ಗಿಂದ ಅದನ್ನೇ ಹೊರ್ತಾ ಇದೀವಿ.”

“ಆ ಗಂಟಲ್ಲ. ಬಾ ಇಲ್ಲಿ.”

ನಾದಿನಿ ಕೈ ಒರೆಸಿಕೊಂಡು ಬಂದಳು. ಬಟ್ಟೆಯ ಹಿಂದೆ ಈಗ ಎರಡು ನೆರಳು. ಎರಡನೆಯದು ತಮಾಷೆ ನಿಲ್ಲಿಸಿತು.

ಇಬ್ಬರೂ, ಇನ್ನೊಂದಿಷ್ಟು ಹೆಂಗಸರ ಜೊತೆ, ಆ ದೊಡ್ಡ ಆಸ್ಪತ್ರೆಯ ಬಟ್ಟೆ ಒಗೆಯುವವರು. ಅತ್ತಿಗೆಯ ಗಂಡ, ಅಂದರೆ ನಾದಿನಿಯ ಅಣ್ಣ, ತೀರಿಕೊಂಡು ಬಹಳ ಕಾಲವಾಗಿತ್ತು. ಅವನು ಬಿಟ್ಟುಹೋದದ್ದು ಈ ಸಂಬಂಧವೊಂದನ್ನೇ. ಇಬ್ಬರಿಗೂ ಒಂದೇ ಕೋಣೆ, ಒಂದೇ ಒಲೆ, ಒಂದೇ ಕೆಲಸ. ಮೇಲಿನ ಮಹಡಿಗಳಿಂದ ಒಂದು ದಪ್ಪ ಕೊಳವೆಯೊಳಗೆ ಜಾರಿ ಕೊಳೆಬಟ್ಟೆ ಧೊಪ್ಪೆಂದು ಅವರ ಮುಂದೆ ಬೀಳುತ್ತಿತ್ತು. ರಕ್ತದ್ದು. ಕೀವಿನದ್ದು. ವಾಂತಿಯದ್ದು. ಹೆರಿಗೆಯದ್ದು. ಸಾವಿನದ್ದು. ಬರಿಗೈಯಲ್ಲಿ ಅದನ್ನು ಬಿಡಿಸಬೇಕು, ಬೇರೆ ಬೇರೆ ಮಾಡಬೇಕು, ಸೋಡಾ ಹಾಕಿ ಕುದಿಸಬೇಕು, ಜಾಲಿಸಬೇಕು, ಹಿಂಡಬೇಕು, ಹೊರಬೇಕು. ನೀರು ಕುಡಿದ ಹಾಸುಬಟ್ಟೆ ಹೆಣದಷ್ಟು ಭಾರ. ಸೋಡಾ ಅವರ ಬೆರಳಿನ ಗೆರೆಗಳನ್ನು ತಿಂದು ಹಾಕಿತ್ತು. ತೋಳುಗಳನ್ನು ಮಾತ್ರ ಏನೂ ಮಾಡಲಾಗಿರಲಿಲ್ಲ. ಅತ್ತಿಗೆಯ ತೋಳು ಕಂಡರೆ ಕಾವಲುಗಾರರೂ ದಾರಿ ಬಿಡುತ್ತಿದ್ದರು.

ಆಸ್ಪತ್ರೆಯ ನೌಕರರಿಗೆಲ್ಲ ಒಂದು ಹಸಿರು ಕಾರ್ಡು ಇತ್ತು. ಕಾರ್ಡಿದ್ದವರಿಗೆ ವಿಮೆ. ವಿಮೆಯಿದ್ದವರಿಗೆ ಕಾಯಿಲೆ ಬೀಳುವ ಹಕ್ಕು. ಇಬ್ಬರೂ ಕಾರ್ಡಿನ ಗುಮಾಸ್ತನ ಮುಂದೆ ಹೋಗಿ ನಿಂತರು.

“ನೀವು ಹೊರಗಿನವರು” ಎಂದ ಗುಮಾಸ್ತ.

“ಎಲ್ಲಿಂದ ಹೊರಗೆ ಸ್ವಾಮಿ?” ಎಂದಳು ನಾದಿನಿ. “ನಿಮ್ಮ ಕಟ್ಟಡ ಕೂತಿರೋದೇ ನಮ್ಮ ತಲೆ ಮೇಲೆ.”

“ನಿಮ್ಮನ್ನ ಕಳಿಸೋನು ಗುತ್ತಿಗೆದಾರ. ನೀವು ಅವನ ಜನ.”

“ಅವನನ್ನೂ ಕೇಳಿದ್ವಿ. ನೀವು ಯಂತ್ರದ ಜೊತೆ ಬಂದೋರು, ನನಗೆ ಸಂಬಂಧ ಇಲ್ಲ ಅಂದ. ಯಂತ್ರ ಯಾರದ್ದು?”

“ಯಂತ್ರ ಆಸ್ಪತ್ರೆದು.”

“ಹಾಗಾದ್ರೆ ನಾವು?”

“ಯಂತ್ರ ನಮ್ಮದು. ನೀವಲ್ಲ.”

“ಯಂತ್ರ ಕೆಟ್ಟರೆ ಏನ್ ಮಾಡ್ತೀರಿ?” ಎಂದಳು ಅತ್ತಿಗೆ.

“ರಿಪೇರಿ ಮಾಡಿಸ್ತೀವಿ. ಅದಕ್ಕೆ ವಿಮೆ ಇದೆಯಲ್ಲ.”

ಹೊರಗೆ ಬಂದಾಗ ನಾದಿನಿ ಹೇಳಿದಳು: “ನಾಳೆಯಿಂದ ನೀನು ಗುರ್ರ್ ಅನ್ನೋಕೆ ಶುರು ಮಾಡು ಅತ್ತಿಗೆ. ಯಾರಾದ್ರೂ ಎಣ್ಣೆ ಬಿಡ್ತಾರೆ.”

ಬೀದಿಯಲ್ಲಿ ವಿಮೆ ಮಾರುವವನೊಬ್ಬನ ಅಂಗಡಿಯಿತ್ತು. ಅವನು ಕುರ್ಚಿ ಕೊಟ್ಟು ಕೂರಿಸಿ, ನೀರು ಕೊಟ್ಟು, ಕಾಯಿಲೆಯೇನಾದರೂ ಇದೆಯೇ ಎಂದು ಕೇಳಿದ.

“ಇದೆ. ಅದಕ್ಕೇ ಬಂದೆ” ಎಂದಳು ಅತ್ತಿಗೆ.

“ಇಲ್ಲದಾಗ ಬರಬೇಕಿತ್ತು ತಾಯಿ.”

“ಇಲ್ಲದಾಗ ಯಾಕಪ್ಪ ಬರಲಿ?”

ಅವನು ನೀರಿನ ಲೋಟವನ್ನು ಹಿಂದಕ್ಕೆ ತೆಗೆದುಕೊಂಡ.

ಆಸ್ಪತ್ರೆಯ ಡಾಕ್ಟರು ಇನ್ನೂ ಹುಡುಗ. ಕಣ್ಣುಗಳು ನಿದ್ದೆಯಿಲ್ಲದೆ ಕೆಂಪಾಗಿದ್ದವು. ತನ್ನ ಬಿಡುವಿನ ಹೊತ್ತಿನಲ್ಲಿ ದುಡ್ಡು ತೆಗೆದುಕೊಳ್ಳದೆ ನೋಡಿದ. ಸೂಜಿ ಚುಚ್ಚಿ ಗಂಟಿನೊಳಗಿನದನ್ನು ತೆಗೆದು ಪರೀಕ್ಷೆಗೆ ಕಳಿಸಿದ. ಫಲಿತಾಂಶ ಬಂದ ದಿನ ಅವನು ಎದ್ದು ನಿಂತೇ ಮಾತಾಡಿದ. ಆಪರೇಷನ್ ಆಗಬೇಕು. ಆಮೇಲೆ ತಿಂಗಳುಗಟ್ಟಲೆ ಔಷಧಿ. ಅದಕ್ಕೆ ಬೀಳುವ ಮೊತ್ತವನ್ನೂ ಹೇಳಿದ. ಕೇಳಿ ನಾದಿನಿಗೆ ನಗು ಬಂತು. ಅಷ್ಟು ದೊಡ್ಡ ಮೊತ್ತಕ್ಕೆ ಹೆದರುವುದಕ್ಕೂ ಒಂದು ಯೋಗ್ಯತೆ ಬೇಕು ಎನ್ನುವ ಹಾಗೆ.

“ಬದುಕ್ತಾಳಾ?”

“ಎಲ್ಲಾ ಸರಿಯಾಗಿ ಮಾಡಿದ್ರೆ ನೂರಕ್ಕೆ ಐವತ್ತು.”

“ಮಾಡದಿದ್ರೆ?”

ಡಾಕ್ಟರು ಮೇಜಿನ ಮೇಲಿದ್ದ ಪೆನ್ನನ್ನು ಎಡದಿಂದ ಬಲಕ್ಕೆ ಇಟ್ಟ. “ತಡ ಮಾಡಬೇಡಿ. ಈ ತಿಂಗಳು ದಾಟಬಾರದು. ಈ ಓಣಿಯ ಕೊನೇಲಿ ಎರಡು ಟ್ರಸ್ಟು ಇವೆ, ಎದುರು ಬದುರು ಬಾಗಿಲು. ಕೇಳಿ ನೋಡಿ.”

ಆ ಎರಡು ಬಾಗಿಲಿನ ಕಥೆ ಆಸ್ಪತ್ರೆಗೆಲ್ಲ ಗೊತ್ತಿತ್ತು. ಇದೇ ಕಾಯಿಲೆಯಿಂದ ಸತ್ತ ಒಬ್ಬ ಸಾಹುಕಾರನಿಗೆ ಇಬ್ಬರು ಮಕ್ಕಳು. ಅಪ್ಪ ಬದುಕುತ್ತಾನೆಂದು ದೊಡ್ಡವನು ಕೊನೆಯ ಉಸಿರಿನವರೆಗೂ ನಂಬಿದ್ದ. ಚಿಕ್ಕವನು ಮೊದಲ ದಿನದಿಂದಲೂ ನಂಬಿರಲಿಲ್ಲ. ಆ ಜಗಳ ಹೆಣ ಎತ್ತಿದ ಮೇಲೂ ಮುಗಿಯಲಿಲ್ಲ. ಅಪ್ಪ ದಾನಕ್ಕೆಂದು ಬಿಟ್ಟುಹೋದ ಹಣವನ್ನು ಸರಿಯಾಗಿ ಎರಡು ಮಾಡಿ, ದೊಡ್ಡವನು ಬದುಕುವವರಿಗೆ, ಚಿಕ್ಕವನು ಸಾಯುವವರಿಗೆ ಎಂದು ಟ್ರಸ್ಟುಗಳನ್ನು ತೆರೆದರು. ಮೊದಲನೆಯದಕ್ಕೆ ನೂರಕ್ಕೆ ಅರವತ್ತಾದರೂ ಭರವಸೆ ಇರಬೇಕು. ಎರಡನೆಯದಕ್ಕೆ ನಲವತ್ತನ್ನು ಮೀರಬಾರದು. ನಡುವೆ ಇರುವವರಿಗೆ, ಆ ಎರಡು ಬಾಗಿಲುಗಳ ನಡುವಿನ ಓಣಿಯಲ್ಲಿ ಹಾಕಿದ ಬೆಂಚಿತ್ತು.

ನಾದಿನಿ ಒಬ್ಬಳೇ ಡಾಕ್ಟರ ಬಳಿಗೆ ವಾಪಸು ಬಂದಳು.

“ಒಂದು ಹತ್ತು ಜಾಸ್ತಿ ಹಾಕಿ ಡಾಕ್ಟ್ರೇ. ಇಲ್ಲಾ ಹತ್ತು ಕಮ್ಮಿ ಮಾಡಿ. ನಮಗೆ ಎರಡೂ ಆಗತ್ತೆ.”

“ಇದೇನು ತರಕಾರಿ ಅಂಗಡಿ ಅಂದ್ಕೊಂಡ್ರಾ?”

“ತರಕಾರಿಯವನು ಕೊಸರು ಹಾಕ್ತಾನೆ ಡಾಕ್ಟ್ರೇ.”

ಡಾಕ್ಟರಿಗೆ ನಗು ಬಂತು. ನಕ್ಕ ಬಾಯನ್ನು ಕೈಯಿಂದ ಮುಚ್ಚಿಕೊಂಡ. “ಐವತ್ತೈದು ಬೇಕಾದ್ರೆ ಬರೀತೀನಿ. ಅದಕ್ಕಿಂತ ಹೆಚ್ಚು ಬರೆದ್ರೆ ಸುಳ್ಳಾಗತ್ತೆ.”

“ಐವತ್ತೈದು ಇಟ್ಕೊಂಡು ನಾನೇನು ಮಾಡಲಿ? ಅದೂ ಬೆಂಚಿಗೇ ಸರಿ.”

“ಹಾಗಾದ್ರೆ ಟ್ರಸ್ಟಿನವರೇ ಕಣ್ಣಾರೆ ನೋಡಲಿ. ಅವರಿಗೆ ಹೆಚ್ಚು ಕಂಡ್ರೂ ಸರಿ, ಕಮ್ಮಿ ಕಂಡ್ರೂ ಸರಿ, ನಾನು ತಕರಾರು ತೆಗೆಯಲ್ಲ.”

ಬದುಕುವವರ ಟ್ರಸ್ಟಿನ ಕೋಣೆಯಲ್ಲಿ ಹೂಕುಂಡಗಳಿದ್ದವು. ಗೋಡೆಯ ತುಂಬ ಗುಣವಾದವರ ಚಿತ್ರಗಳು. ಎಲ್ಲರೂ ನಗುತ್ತಿದ್ದರು, ನಗಬೇಕೆಂಬುದು ಸಹಾಯದ ಷರತ್ತಿನಲ್ಲೇ ಇತ್ತು. ಕಾರ್ಯದರ್ಶಿಗೆ ದುಂಡು ಮುಖ, ಎಂದೂ ಆರದ ಉತ್ಸಾಹ.

“ನಮಗೆ ಭರವಸೆ ಕಾಣಬೇಕು ನೋಡಿ ಅಮ್ಮ. ದಾನ ಕೊಡೋರು ಬಹಳ ಮೃದು ಮನಸ್ಸಿನವರು. ರೋಗಿ ಸತ್ತುಹೋದ್ರೆ ಅವರಿಗೆ ತುಂಬ ಬೇಜಾರಾಗತ್ತೆ. ಎಲ್ಲಿ, ಸ್ವಲ್ಪ ನಡೀರಿ.”

ಅತ್ತಿಗೆ ನಡೆದಳು.

“ನಗಿ.”

ಅತ್ತಿಗೆ ಹಲ್ಲು ತೋರಿಸಿದಳು.

“ಏನಾದ್ರೂ ಎತ್ತಬಲ್ಲಿರಾ? ಆ ಕುಂಡ?”

ಅತ್ತಿಗೆ ಕುಂಡವನ್ನು ನೋಡಿದಳು. ಅದು ಎತ್ತುವಂಥ ವಸ್ತು ಅನ್ನಿಸಲಿಲ್ಲ. ಕಾರ್ಯದರ್ಶಿಯ ಕುರ್ಚಿಗೆ ಕೈ ಹಾಕಿ, ಅದರಲ್ಲಿ ಕೂತಿದ್ದ ಕಾರ್ಯದರ್ಶಿಯ ಸಮೇತ ಎತ್ತಿ, ಕಿಟಕಿಯ ಬಳಿ ಬೆಳಕು ಚೆನ್ನಾಗಿದ್ದ ಕಡೆ ಇಟ್ಟಳು. ಇಡುವಾಗ ಬಲಗಂಕುಳಿನಿಂದ ಬೆರಳ ತುದಿಯವರೆಗೆ ಒಂದು ನೋವು ಹರಿಯಿತು. ಅದನ್ನು ಅವಳು ಯಾರಿಗೂ ತೋರಿಸಲಿಲ್ಲ.

“ಎಂಬತ್ತು!” ಎಂದು ಕಾರ್ಯದರ್ಶಿ ಮೇಲಿನಿಂದಲೇ ಕೂಗಿದ್ದ. ಕಾಲು ನೆಲಕ್ಕೆ ತಾಗಿದ ಮೇಲೆ ಚಪ್ಪಾಳೆ ತಟ್ಟಿದ. “ಇಂಥವರೇ ಬೇಕು ನಮಗೆ. ಏನು ಕೆಲಸ ಮಾಡ್ತಿದ್ರಿ?”

“ಬಟ್ಟೆ ಒಗೀತೀನಿ. ಇಲ್ಲೇ ಕೆಳಗೆ.”

“ಈಗಲೂ?”

“ಇವತ್ತು ಬೆಳಗ್ಗೆಯೂ ಒಗೆದೇ ಬಂದೆ.”

ದುಂಡು ಮುಖ ಬಾಡಿತು. “ಅಯ್ಯೋ. ದುಡಿಯೋ ಶಕ್ತಿ ಇರೋರಿಗೆ ಕೊಡೋ ಹಾಗಿಲ್ಲವಲ್ಲ. ಕೈಲಾಗದವರಿಗೆ ಮಾತ್ರ. ಕೆಲಸ ಬಿಟ್ಟು ಬನ್ನಿ.”

“ಬಿಟ್ರೆ ತಿನ್ನೋದೇನು?” ಎಂದಳು ನಾದಿನಿ.

“ಅದೇ ಕಷ್ಟ. ತಿನ್ನದಿದ್ರೆ ಸೊರಗ್ತಾರೆ. ಸೊರಗಿದ್ರೆ ಅರವತ್ತಕ್ಕಿಂತ ಕೆಳಗೆ ಇಳೀತಾರೆ. ಆಗಲೂ ಕೊಡೋಕಾಗಲ್ಲ.” ಅವನು ನಿಜವಾಗಿಯೂ ನೊಂದುಕೊಂಡಿದ್ದ. “ಎದುರಿನ ಬಾಗಿಲಲ್ಲಿ ಕೇಳಿ. ಅವರು ಇಷ್ಟೊಂದು ಕಟ್ಟುನಿಟ್ಟಲ್ಲ.”

ಓಣಿಯ ಬೆಂಚಿನ ಮೇಲೆ ನಾದಿನಿ ಪಾಠ ಹೇಳಿಕೊಟ್ಟಳು.

“ಕಣ್ಣು ಅರ್ಧ ಮುಚ್ಚು. ಉಸಿರು ಎಳೆದೆಳೆದು ಬಿಡು. ಕೇಳಿದ್ದಕ್ಕೆಲ್ಲ ಉತ್ತರ ಕೊಡಬೇಡ. ಸಾಯೋರು ವಾದ ಮಾಡಲ್ಲ.”

“ನಿಮ್ಮಣ್ಣ ಸಾಯೋವಾಗ ವಾದ ಮಾಡಿದ.”

“ಅವನ ವಿಷಯ ಬಿಡು, ಹುಟ್ಟೋವಾಗಲೂ ಮಾಡಿದ್ನಂತೆ. ಆ ತೋಳು ಒಳಗೆ ಇಟ್ಕೋ ಮೊದಲು. ನೋಡಿದೋರು ನಮ್ಮನ್ನ ಓಡಿಸ್ತಾರೆ.”

ಸಾಯುವವರ ಟ್ರಸ್ಟಿನಲ್ಲಿ ಪರದೆಗಳು ಇಳಿಬಿದ್ದಿದ್ದವು. ಮೂಲೆಯಲ್ಲಿ ಒಂದು ಮಂಚ. ಕಾರ್ಯದರ್ಶಿ ಮೆಲುದನಿಯ ಹೆಂಗಸು. ಅವಳು ಮಾತಾಡಿದರೆ ಕೋಣೆ ಇನ್ನಷ್ಟು ಕತ್ತಲಾಗುತ್ತಿತ್ತು. ಅತ್ತಿಗೆಯ ಭುಜ ಹಿಡಿದು ಮಂಚದ ಮೇಲೆ ಮಲಗಿಸಿದಳು.

“ಏನೂ ಯೋಚನೆ ಮಾಡಬೇಡಿ. ಔಷಧಿ, ಆಪರೇಷನ್, ಹಾಸಿಗೆ, ಆಸೆಪಟ್ಟು ಏನು ಕೇಳಿದರೂ ನಮ್ಮದೇ ಖರ್ಚು. ಒಂದೇ ಮಾತು. ನಂಬಿಕೆ ಉಳಿಸ್ಕೋಬೇಕು. ಹೋದ ವರ್ಷ ಒಬ್ಬರು ನಮಗೆ ಮೋಸ ಮಾಡಿದ್ರು.”

“ಏನ್ ಮಾಡಿದ್ರು?” ಎಂದಳು ನಾದಿನಿ.

“ಇನ್ನೂ ಇದ್ದಾರೆ.” ಮೆಲುದನಿ ನಡುಗಿತು. “ದಿನಾ ಬೆಳಗ್ಗೆ ವಾಕಿಂಗ್ ಬೇರೆ ಹೋಗ್ತಾರಂತೆ.”

ನಾದಿನಿ ತುಟಿ ಕಚ್ಚಿಕೊಂಡಳು. ಮಂಚದ ಮೇಲೆ ಅತ್ತಿಗೆ ಉಸಿರನ್ನು ಎಳೆದೆಳೆದು ಬಿಡುತ್ತಿದ್ದಳು. ಚೆನ್ನಾಗಿಯೇ ಬಿಡುತ್ತಿದ್ದಳು. ಅಷ್ಟೊಂದು ಮೆತ್ತಗಿನ ಹಾಸಿಗೆಯಲ್ಲಿ ಹಗಲು ಹೊತ್ತು ಮಲಗುವುದು ಅವಳಿಗೆ ಹೊಸದು. ಮೈ ತಾನಾಗಿಯೇ ಕಳಚಿಕೊಂಡು ಮುಳುಗುತ್ತಿತ್ತು. ಮೆಲುದನಿಯ ಹೆಂಗಸು ತಲೆದೂಗುತ್ತ ಮೂವತ್ತೈದು ಎಂದು ಬರೆಯುವುದರಲ್ಲಿದ್ದಳು. ಆಗ ಅತ್ತಿಗೆ ಮಗ್ಗುಲಾದಳು. ಕೆನ್ನೆ ಹಾಸುಬಟ್ಟೆಗೆ ತಾಗಿತು.

ಮೂಗು ಒಮ್ಮೆ ಅರಳಿತು. ಇನ್ನೊಮ್ಮೆ ಅರಳಿತು. ನಾದಿನಿ ಬೇಡ ಬೇಡವೆಂದು ಕಣ್ಣು ಮಾಡುತ್ತಿದ್ದಂತೆ ಅತ್ತಿಗೆ ಎದ್ದು ಕೂತಳು.

“ಇದನ್ನ ಯಾರು ಜಾಲಿಸಿದ್ದು?”

“ಮಲಗಿ ಅಮ್ಮ, ಆಯಾಸ ಮಾಡ್ಕೋಬೇಡಿ.”

“ಸೋಡಾ ಹಾಗೇ ಇದೆ ಇದರಲ್ಲಿ. ಸಾಯೋರನ್ನ ಇದರ ಮೇಲೆ ಮಲಗಿಸ್ತೀರಾ? ಬೆನ್ನು ಸುಟ್ಟು ಸಿಪ್ಪೆ ಏಳತ್ತೆ!”

ಅವಳು ಮಂಚದಿಂದ ಇಳಿದಳು. ಒಂದೇ ಎಳೆತಕ್ಕೆ ಬಟ್ಟೆಯನ್ನು ಕಿತ್ತಳು. ಎರಡು ಮೂಲೆ ಹಿಡಿದು ಗಾಳಿಗೆ ಒದರಿದಳು. ಆ ಸದ್ದಿಗೆ ಪರದೆಗಳು ಅಲುಗಿದವು. ಬಟ್ಟೆಯನ್ನು ಮೂಗಿಗೆ ಹಿಡಿದು ನೋಡಿ, ನಾದಿನಿಯ ಕಡೆ ತಿರುಗಿದಳು. “ಯಾವಳೇ ಅವಳು? ಇವತ್ತು ಅವಳ ಕೈ ಮುರೀತೀನಿ.”

“ನಾನೇ ಅತ್ತಿಗೆ” ಎಂದಳು ನಾದಿನಿ, ನೆಲ ನೋಡುತ್ತ. “ನಿನ್ನೆ ನಿನ್ನ ಯೋಚನೇಲಿ ಒಂದು ನೀರು ಕಮ್ಮಿ ಹಾಕಿದೆ.”

ಅತ್ತಿಗೆ ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡು ನಿಂತಳು.

ಮೆಲುದನಿಯ ಹೆಂಗಸು ಬರೆದದ್ದನ್ನು ಹೊಡೆದು ಹಾಕಿದಳು. “ಕ್ಷಮಿಸಿ” ಎಂದಳು. “ಸಾಯೋರು ಹಾಸಿಗೆ ಸರಿ ಮಾಡಲ್ಲ.”

ಸದ್ದು ಕೇಳಿ ಎದುರಿನ ದುಂಡು ಮುಖದವನೂ ಓಣಿಗೆ ಬಂದಿದ್ದ. ಇಬ್ಬರು ಕಾರ್ಯದರ್ಶಿಗಳೂ ಬೆಂಚಿನ ಆಚೆಗೆ ಹೋಗಿ ತಲೆಗೆ ತಲೆ ಕೊಟ್ಟು ಮಾತಾಡಿದರು. ಇಬ್ಬರೂ ಕೆಟ್ಟವರಲ್ಲ. ಬಹುಶಃ ಅದೇ ತೊಂದರೆಯಾಗಿತ್ತು. ಮರಳಿ ಬಂದಾಗ ಇಬ್ಬರ ಮುಖದಲ್ಲೂ ಬೆಳಕಿತ್ತು.

“ದಾರಿ ಸಿಕ್ಕಿತು” ಎಂದ ದುಂಡು ಮುಖದವನು. “ಅರ್ಧ ಖರ್ಚು ನಮ್ಮದು, ಅರ್ಧ ಇವರದು. ವಿಶೇಷ ಪ್ರಕರಣ. ಒಂದು ಪುಟ್ಟ ಷರತ್ತು. ನೀವು ಸತ್ತುಹೋದ್ರೆ ನಮ್ಮ ಅರ್ಧ ವಾಪಸ್ ಕೊಡಬೇಕು.”

“ಬದುಕಿಬಿಟ್ರೆ ನಮ್ಮ ಅರ್ಧ” ಎಂದಳು ಮೆಲುದನಿಯವಳು.

ನಾದಿನಿ ಒಮ್ಮೆ ಅವನನ್ನು, ಒಮ್ಮೆ ಅವಳನ್ನು ನೋಡಿದಳು. “ಅಂದ್ರೆ ಬದುಕಿದ್ರೂ ಸಾಲ, ಸತ್ರೂ ಸಾಲ.”

“ಸಾಲ ಅನ್ನಬೇಡಿ. ಬದ್ಧತೆ ಅನ್ನಿ.”

“ನಾನು ಸತ್ತರೆ ಯಾರು ಕೊಡೋದು?” ಎಂದಳು ಅತ್ತಿಗೆ.

ಕಾರ್ಯದರ್ಶಿಗಳಿಬ್ಬರ ದೃಷ್ಟಿಯೂ ನಾದಿನಿಯ ಕಡೆ ಸರಿಯಿತು. ಅವಳ ತೋಳುಗಳ ಕಡೆಗೆ. ದುಡಿಯಬಲ್ಲ ತೋಳುಗಳು. ಇನ್ನೂ ಬಹಳ ಕಾಲ ದುಡಿಯಬಲ್ಲವು.

ಅತ್ತಿಗೆಗೆ ಸಿಟ್ಟು ಬಂದದ್ದು ಆಗ. ಕಾರ್ಡಿನವನ ಮುಂದೆ ಬಂದಿರಲಿಲ್ಲ. ಕುರ್ಚಿ ಎತ್ತಿಸಿದಾಗ ಬಂದಿರಲಿಲ್ಲ. ಸತ್ತಂತೆ ಮಲಗಿದಾಗಲೂ ಬಂದಿರಲಿಲ್ಲ. ಈಗ ಬಂತು. ಹಂಡೆಯ ನೀರು ಕುದಿಗೆ ಬರುವ ಹಾಗೆ, ಮೊದಲು ಸದ್ದಿಲ್ಲದೆ.

“ಬೇಡ” ಎಂದಳು.

“ಯೋಚನೆ ಮಾಡಿ ಅಮ್ಮ...”

“ಬೇಡ ಅಂದೆ. ಕಿವಿ ಕೇಳಲ್ವಾ? ಈ ಬಟ್ಟೆ ತಗೊಂಡು ಹೋಗ್ತೀನಿ. ಇದನ್ನ ಮತ್ತೆ ಜಾಲಿಸಬೇಕು.”

ಆದರೆ ಅದನ್ನು ಅವಳು ಜಾಲಿಸಲಿಲ್ಲ. ನೆಲಮಾಳಿಗೆಗೆ ಇಳಿದವಳೇ ಗೋಡೆಯ ದೊಡ್ಡ ಸ್ವಿಚ್ಚನ್ನು ಕೆಳಕ್ಕೆ ಎಳೆದಳು. ಯಂತ್ರಗಳು ನರಳಿ, ನಿಧಾನವಾಗಿ ತಿರುಗಿ, ನಿಂತವು. ಆ ಕೋಣೆಯಲ್ಲಿ ಮೌನ ಹೇಗಿರುತ್ತದೆಂದು ಯಾರೂ ಕೇಳಿರಲಿಲ್ಲ. ಹೆಂಗಸರು ಒಬ್ಬರ ಉಸಿರನ್ನು ಒಬ್ಬರು ಕೇಳಿಸಿಕೊಂಡು ಬೆಚ್ಚಿದರು.

“ಏನಕ್ಕಾ? ಕರೆಂಟ್ ಹೋಯ್ತಾ?”

“ನಾನೇ ತೆಗೆದೆ. ಇವತ್ತು ಒಗೆಯಲ್ಲ. ಒಗೆದಿಟ್ಟಿದ್ದನ್ನೂ ಕಳಿಸಲ್ಲ. ಹೆರಿಗೆ ಕೋಣೆದೂ ತುರ್ತಿನವರದೂ ಮಾತ್ರ ಕೊಟ್ಟುಬಿಡಿ. ಮಿಕ್ಕಿದ್ದು ಇಲ್ಲೇ ಇರಲಿ.”

“ಎಲ್ಲಿವರೆಗೆ?”

“ಇವರು ನನ್ನನ್ನ ಮೇಲೆ ಮಲಗಿಸೋವರೆಗೆ. ರೋಗಿ ಅಂತ. ಇಲ್ಲಿ ದುಡಿದವಳು ಅಂತ.”

ಇಸ್ತ್ರಿಯ ಉರುಳೆ ನಡೆಸುವ ಮುದುಕಿಯನ್ನು ಎಲ್ಲರೂ ಅಜ್ಜಿ ಎನ್ನುತ್ತಿದ್ದರು. ಅವಳು ಮೊದಲು ಕೂತವಳು. “ನನಗಂತೂ ಕೂರೋಕೆ ಒಂದು ನೆಪ ಬೇಕಿತ್ತಮ್ಮ” ಎಂದು ಕಾಲು ನೀಡಿದಳು. “ಕೆಲಸ ಹೋದ್ರೆ ಹೋಗಲಿ. ಮೊಣಕಾಲು ಯಾವತ್ತೋ ಹೋಗಿದೆ.” ಆಮೇಲೆ ಒಬ್ಬೊಬ್ಬರಾಗಿ ಉಳಿದವರೂ ಕೂತರು.

ಮೇಲಿನವರಿಗೆ ಮೊದಲು ಗೊತ್ತಾಗಲಿಲ್ಲ. ಬಟ್ಟೆ ಬೀಳುತ್ತಲೇ ಇತ್ತು. ಎತ್ತುವವರಿಲ್ಲದೆ ರಾಶಿ ಕೊಳವೆಯ ಬಾಯಿಗೆ ಮುಟ್ಟಿತು. ಕೊಳವೆ ತುಂಬತೊಡಗಿತು. ಮೊದಲನೆಯ ಮಹಡಿಯಲ್ಲಿ ಗೋಡೆಯ ಪುಟ್ಟ ಬಾಗಿಲನ್ನು ತಳ್ಳಿಕೊಂಡು ಒಂದು ಕೊಳೆಯ ಹೊದಿಕೆ ಹೊರಗೆ ಇಣುಕಿತು. ನರ್ಸೊಬ್ಬಳು ಅದನ್ನು ಒಳಗೆ ದೂಡಿದಳು. ಅದು ಇನ್ನೊಂದನ್ನು ಜೊತೆಗೆ ಕರೆದುಕೊಂಡು ಮರಳಿ ಬಂತು. ಎರಡನೆಯ ಮಹಡಿಯಲ್ಲೂ ಹಾಗೇ ಆಯಿತು. ಆಪರೇಷನ್‌ಗೆ ದಿನ ಗೊತ್ತುಮಾಡಿಕೊಂಡು ಬಂದವರು ಬರಿಯ ಹಾಸಿಗೆಯ ಮೇಲೆ ಕೂತು, ತಮ್ಮ ವಿಮೆಯಲ್ಲಿ ಹಾಸುಬಟ್ಟೆ ಸೇರಿದೆಯೇ ಎಂದು ವಿಚಾರಿಸತೊಡಗಿದರು.

ಆಡಳಿತಾಧಿಕಾರಿ ಕೆಳಗೆ ಬಂದ. ಬರುವ ದಾರಿ ಗೊತ್ತಿಲ್ಲದೆ ಮೊದಲು ಹೆಣದ ಕೋಣೆಗೆ ಹೋಗಿ ಬಂದಿದ್ದ. ಜೊತೆಗೆ ಆ ಹುಡುಗ ಡಾಕ್ಟರೂ ಇದ್ದ. ಒದ್ದೆ ನೆಲದ ಮೇಲೆ ಅಧಿಕಾರಿಯ ಬೂಟು ಜಾರಿತು. ನಾದಿನಿ ತೋಳು ಹಿಡಿದು ನಿಲ್ಲಿಸಿದಳು.

“ಯಾರು ಇದಕ್ಕೆಲ್ಲ ಮುಖ್ಯಸ್ಥರು? ನೀವು ಮುಷ್ಕರ ಮಾಡೋ ಹಾಗಿಲ್ಲ. ನೀವು ನಮ್ಮ ಕೆಲಸಗಾರರೇ ಅಲ್ಲ!”

“ಹೌದು ಸ್ವಾಮಿ, ಅಲ್ಲ” ಎಂದಳು ಅತ್ತಿಗೆ.

“ಮತ್ತೆ ಕೆಲಸ ಯಾಕೆ ನಿಲ್ಲಿಸಿದ್ರಿ?”

“ನಿಮ್ಮ ಕೆಲಸಗಾರರಲ್ಲದೋರು ನಿಮ್ಮ ಕೆಲಸ ಮಾಡ್ತಾ ಇಲ್ಲ. ಅದರಲ್ಲೇನು ತಪ್ಪು?”

“ಗುತ್ತಿಗೆದಾರನಿಗೆ ಹೇಳ್ತೀನಿ” ಎಂದ ಅಧಿಕಾರಿ.

“ಹೇಳಿ. ಅವನು ಯಂತ್ರಕ್ಕೆ ಹೇಳ್ತಾನೆ” ಎಂದಳು ನಾದಿನಿ.

ಸೆಕೆಗೆ ಅವನ ಕತ್ತುಪಟ್ಟಿ ಒದ್ದೆಯಾಗಿತ್ತು. ಹೆಂಗಸರೆಲ್ಲ ಸುಮ್ಮನೆ ಅವನನ್ನೇ ನೋಡುತ್ತಿದ್ದರು. ಇಷ್ಟೊಂದು ಜನ ಇಲ್ಲಿದ್ದಾರೆಂದು ಅವನಿಗೆ ತಿಳಿದಿರಲಿಲ್ಲ. ಅವನು ದನಿ ತಗ್ಗಿಸಿದ.

“ನೋಡಮ್ಮ. ಡಾಕ್ಟರು ನಿನ್ನ ವಿಷಯ ಹೇಳಿದ್ರು. ಆಪರೇಷನ್ ಮಾಡಿಸೋಣ. ಧರ್ಮಕ್ಕೆ. ನನ್ನ ಜವಾಬ್ದಾರಿ. ಆದ್ರೆ ಯಾರಿಗೂ ಹೇಳಬಾರದು. ಬಟ್ಟೆ ಮೇಲೆ ಕಳಿಸು.”

ನಾದಿನಿ ಅತ್ತಿಗೆಯ ಕೈ ಹಿಡಿದುಕೊಂಡಳು. ಹಿಡಿತ ನೋಯುವಷ್ಟಿತ್ತು. “ಒಪ್ಕೋ ಅತ್ತಿಗೆ.”

ಅತ್ತಿಗೆ ಕೂತಿದ್ದವರ ಕಡೆ ನೋಡಿದಳು. ಅಜ್ಜಿಯ ಊದಿದ ಮೊಣಕಾಲು. ಬ್ಲೀಚಿಂಗ್ ಪುಡಿಯ ಬಳಿ ಕೂರುವವಳ ಬಿಡದ ಕೆಮ್ಮು. ಬಸುರಿಯೊಬ್ಬಳು ಬೆನ್ನನ್ನು ಒದ್ದೆ ಗೋಡೆಗೆ ಒರಗಿಸಿಕೊಂಡಿದ್ದಳು.

“ಧರ್ಮಕ್ಕೆ ಬೇಡ” ಎಂದಳು.

“ಸತ್ತೋಗ್ತೀಯ ಕಣೇ!” ನಾದಿನಿ ಎಂದೂ ಅತ್ತಿಗೆಯನ್ನು ಹಾಗೆ ಕರೆದವಳಲ್ಲ.

“ಅರ್ಧ ಅಷ್ಟೇ. ಡಾಕ್ಟರೇ ಹೇಳಿದಾರಲ್ಲ.”

ಡಾಕ್ಟರು ಗೋಡೆಯ ಕಡೆ ತಿರುಗಿಕೊಂಡ.

“ಮತ್ತೇನು ಬೇಕು ನಿನಗೆ?” ಎಂದು ಅಧಿಕಾರಿ ಕಿರುಚಿದ.

“ನೀವು ಬಟ್ಟೆ ಬೇಕು ಅಂತೀರಲ್ಲ. ಹಾಗಂತ ಬರೆದು ಕೊಡಿ. ನಮ್ಮ ಆಸ್ಪತ್ರೆಯ ಕೆಲಸಗಾರರೇ, ಕೆಲಸ ಮಾಡಿ ಅಂತ. ಕೆಳಗೆ ಸಹಿ ಹಾಕಿ. ಅಪ್ಪಣೆ ಕೊಟ್ಟರೆ ಮಾಡ್ತೀವಿ. ನಾವೇನು ಸೋಮಾರಿಗಳಲ್ಲ.”

“ಅದು ಹೇಗಾಗತ್ತೆ? ಹಾಗೆ ಬರೆದ್ರೆ ನೀವು ನಮ್ಮವರಾಗ್ತೀರಿ!”

“ಬರೀದಿದ್ರೆ ನಮಗೆ ಕೆಲಸ ಹೇಳೋಕೆ ನೀವು ಯಾರು?” ಎಂದಳು ಅಜ್ಜಿ, ಕೂತಲ್ಲಿಂದಲೇ.

ಅಧಿಕಾರಿಯ ಕಿಸೆಯಲ್ಲಿ ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಅವನು ತೆಗೆದು ನೋಡಿದ, ಮತ್ತೆ ಕಿಸೆಗೆ ಹಾಕಿದ. ಬರೆಯಲು ಮೇಜಿಗಾಗಿ ಹುಡುಕಿದ. ಆ ಕೋಣೆಯಲ್ಲಿ ಮೇಜಿರಲಿಲ್ಲ. ಕೊನೆಗೆ ಮಡಿಸಿಟ್ಟ ಹಾಸುಬಟ್ಟೆಗಳ ಅಟ್ಟಿಯ ಮೇಲೆ ಕಾಗದವಿಟ್ಟು, ಬಗ್ಗಿ ಬರೆದ. ಮೆತ್ತಗಿನ ಬಟ್ಟೆಯೊಳಕ್ಕೆ ಪೆನ್ನು ಚುಚ್ಚಿ ಚುಚ್ಚಿ ಹೋಗುತ್ತಿತ್ತು. ಬರೆದದ್ದನ್ನು ಡಾಕ್ಟರು ಜೋರಾಗಿ ಓದಿದ. ಆಸ್ಪತ್ರೆಯ ಬಟ್ಟೆ ವಿಭಾಗದ ಕೆಲಸಗಾರರಿಗೆ ಅಪ್ಪಣೆ ಎಂದಿತ್ತು. ಕೊನೆಯಲ್ಲಿ, ಇವತ್ತಿಗೆ ಮಾತ್ರ ಎಂದೂ ಇತ್ತು.

“ಇವತ್ತಿಗೆ ಮಾತ್ರ!” ನಾದಿನಿ ಉರಿದುಬಿದ್ದಳು. “ಹಾಗಾದ್ರೆ ಆ ಕಾಯಿಲೆಗೂ ಒಂದು ಮಾತು ಹೇಳಿಬಿಡಿ ಸ್ವಾಮಿ, ಇವತ್ತಿಗೆ ಮಾತ್ರ ಅಂತ.”

ಡಾಕ್ಟರು ಕಾಗದವನ್ನು ಮಡಿಸಿದ. “ನೌಕರರು ಅಂತ ಇವತ್ತು ದಾಖಲಾದ್ರೆ ಸಾಕು, ವಿಮೆ ಸಿಗತ್ತೆ” ಎಂದ, ಅಧಿಕಾರಿಯ ಮುಖ ನೋಡದೆ. “ರೋಗಿ ಅಂತ ಒಳಗೆ ತಗೊಂಡ ಮೇಲೆ ಚಿಕಿತ್ಸೆ ಮುಗಿಯೋವರೆಗೆ ಹೊರಗೆ ಹಾಕೋ ಹಾಗಿಲ್ಲ. ನಿಯಮ ಇದೆ.”

ಅಧಿಕಾರಿ ಕಾಗದಕ್ಕೆ ಕೈ ಚಾಚಿದ. ಅದು ಆಗಲೇ ನಾದಿನಿಯ ಕುಪ್ಪಸದೊಳಗೆ ಹೋಗಿತ್ತು.

“ನಮ್ಮ ಕಥೆ?” ಎಂದಳು ಕೆಮ್ಮಿನವಳು. “ನಾಳೆ ನಾವು ಮತ್ತೆ ಹೊರಗಿನವರಾ ಅಕ್ಕಾ?”

“ನಾಳೆಯೂ ಬಟ್ಟೆ ಕೊಳೆಯಾಗತ್ತಲ್ಲ” ಎಂದಳು ಅತ್ತಿಗೆ. “ಸಾಹೇಬರು ದಿನಾ ಬೆಳಗ್ಗೆ ಇಳಿದು ಬಂದು ಬರೆದು ಕೊಡಲಿ. ಬರೀದಿದ್ದ ದಿನ ಸ್ವಿಚ್ಚು ಮುಟ್ಟಬೇಡಿ. ಕೆಮ್ಮು ತೋರಿಸ್ಕೊಳ್ಳೋಕೆ ನಾಳೆ ನೀನು ಹೋಗು. ನಾಡಿದ್ದು ಅಜ್ಜಿ.”

ಅವಳು ರಬ್ಬರಿನ ಏಪ್ರನ್ನನ್ನು ಕಳಚಿ ಮೊಳೆಗೆ ನೇತುಹಾಕಿದಳು. ಏಪ್ರನ್ ಇಲ್ಲದೆ ಅವಳು ಸಣ್ಣಗೆ ಕಂಡಳು.

“ನಾನು ಮಲಗಿದ ಮೇಲೆ ಇವಳು ಬಂದು ಹೇಳ್ತಾಳೆ. ಆಮೇಲೆ ಯಂತ್ರ ಹಾಕಿ. ಅದಕ್ಕೆ ಮೊದಲು ಸಾಹೇಬರು ಅತ್ತರೂ ಹಾಕಬೇಡಿ.”

“ಹೆದರಿಕೆ ಆಗ್ತಿದೆಯೇನೇ?” ಎಂದಳು ಅಜ್ಜಿ.

“ಹೂಂ” ಎಂದಳು ಅತ್ತಿಗೆ.

ಡಾಕ್ಟರು ಮುಂದೆ ನಡೆದ. ನಾದಿನಿ ಅವನ ಹಿಂದೆ ಹೋದಳು. ಅತ್ತಿಗೆ ಕೊನೆಯವಳಾಗಿ, ಯಾರ ಕಡೆಗೂ ತಿರುಗಿ ನೋಡದೆ, ಹೊಸ್ತಿಲು ದಾಟಿದಳು. ಸ್ಪ್ರಿಂಗ್ ಹಾಕಿದ ದಪ್ಪ ಬಾಗಿಲು ನಿಧಾನವಾಗಿ ಬಂದು ಅವಳ ಹಿಂದೆ ಮುಚ್ಚಿಕೊಂಡಿತು.